ಆಲ್ದೂರಿನ ಹೆಂಚಿನ ಮನೆಯ ಕುರಿತು ಮಗಳಿಗೊಂದು ಪತ್ರ

ಚಿಕ್ಕಮಗಳೂರು

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾನು ಕ್ಷೇಮ. ಅತಿಥಿಗಳಿಗೆ ಬಾಡಿಗೆಗೆ ಕೊಡಲು ಒಂದನ್ನು ಕೊಳ್ಳಬೇಕೆಂದು ನೀನು ಕಳುಹಿಸಿದ ಮೂರು ಮನೆಗಳ ಚಿತ್ರಗಳನ್ನೂ ಅವುಗಳ ಕಾಗದಪತ್ರಗಳ ನಕಲುಗಳನ್ನೂ ನಿಧಾನವಾಗಿ ನೋಡಿದ್ದೇನೆ. ಮೂರೂ ಕಡೆಗೆ ಹೋಗಿಯೂ ಬಂದಿದ್ದೇನೆ. ಭೂಮಿಯ ವ್ಯವಹಾರ ಫೋನಿನಲ್ಲಿ ಮಾತನಾಡಿ ಮುಗಿಸುವಂಥದ್ದಲ್ಲ. ತಾಲ್ಲೂಕು ಕಚೇರಿಯ ಭೂದಾಖಲೆಗಳ ನಡುವೆಯೇ ಉದ್ಯೋಗದ ಬದುಕನ್ನು ಕಳೆದವಳಾದ್ದರಿಂದ ಹೇಳಬೇಕಾದದ್ದನ್ನು ಬರೆದು ಹೇಳುವುದು ನನಗೆ ರೂಢಿ. ನೀನೂ ಇದನ್ನು ಒಮ್ಮೆ ಓದಿ ಎತ್ತಿಡದೆ, ವಕೀಲರ ಬಳಿಗೆ ಹೋಗುವಾಗ ಜೊತೆಯಲ್ಲಿ ತೆಗೆದುಕೊಂಡು ಹೋಗು.

ಮೂರರಲ್ಲಿ ನೀನು ಕೊನೆಗೆ ಇಟ್ಟಿರುವ, ಆಲ್ದೂರಿನ ಆಚೆಯ ಹಳೆಯ ಹೆಂಚಿನ ಮನೆಯೇ ಕೊಳ್ಳಲು ಯೋಗ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಅದರ ಜಗಲಿಯಲ್ಲಿ ನಿಂತರೆ ಬೆಟ್ಟಸಾಲು ಕಾಣುವುದಿಲ್ಲ, ಸಿಲ್ವರ್ ಓಕ್ ಮರಗಳೂ ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳೂ ಮಾತ್ರ ಕಾಣುತ್ತವೆ ಎಂಬುದು ನಿಜ. ಆದರೆ ಅತಿಥಿಗಳಿಗೆ ಬಾಡಿಗೆಗೆ ಕೊಡುವ ಮನೆಯನ್ನು ಆರಿಸುವಾಗ, ಡಿಸೆಂಬರಿನ ಎಳೆಬಿಸಿಲಿನಲ್ಲಿ ಅದು ಹೇಗೆ ಕಾಣುತ್ತದೆ ಎಂಬುದಕ್ಕಿಂತ, ಪುಷ್ಯ ಮಳೆ ವಾರಗಟ್ಟಲೆ ಹಿಡಿದಾಗ, ಕರೆಂಟು ಹೋಗಿ, ದಾರಿಗೆ ಮರ ಬಿದ್ದು, ಒಳಗೆ ಆರು ಮಂದಿ ಸ್ನಾನಕ್ಕೆ ಬಿಸಿನೀರು ಕೇಳುತ್ತಿರುವಾಗ ಆ ಮನೆಯನ್ನು ನಡೆಸಲು ಸಾಧ್ಯವೇ ಎಂಬುದನ್ನು ನೋಡಬೇಕು. ನೀನಿರುವುದು ಬೆಂಗಳೂರಿನಲ್ಲಿ, ಇಲ್ಲಿಂದ ಸುಮಾರು 245 ಕಿಲೋಮೀಟರ್ ದೂರದಲ್ಲಿ. ಅಲ್ಲಿ ಕುಳಿತು ನೀನು ಫೋನು ಮಾಡಿದರೆ ಕಾಲು ಗಂಟೆಯಲ್ಲಿ ಯಾರಾದರೊಬ್ಬರು ನಡೆದು ತಲುಪಬಹುದಾದ ಮನೆ ಈ ಮೂರರಲ್ಲಿ ಇದೊಂದೇ.

ಕೈಮರದಿಂದ ಮೇಲೆ, ಅತ್ತಿಗುಂಡಿಯ ದಾರಿಯಲ್ಲಿರುವ ಮರದ ಕಾಟೇಜು ನಿನಗೆ ಬಹಳ ಹಿಡಿಸಿದೆ ಎಂದು ನನಗೆ ಗೊತ್ತು. ಆ ಜಾಗದ ಚೆಲುವನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ನಾನು ಅದರ ಮುಂಭಾಗಕ್ಕಿಂತ ಹಿಂಭಾಗವನ್ನು ಹೆಚ್ಚು ಹೊತ್ತು ನೋಡಿದೆ. ಗುಡ್ಡವನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು ಸಮತಟ್ಟು ಮಾಡಿದ್ದಾರೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ, ಆ ಸಡಿಲ ಮಣ್ಣಿನ ಮೇಲೆಯೇ ಕಾಟೇಜಿನ ಮುಂದಿನ ಕಂಬಗಳನ್ನು ನಿಲ್ಲಿಸಿದ್ದಾರೆ. ಹಿಂದಿನ ಕಡಿತಕ್ಕೆ ಕಲ್ಲಿನ ತಡೆಗೋಡೆ ಕಟ್ಟಿದ್ದಾರಾದರೂ ನೀರು ಹೊರಬರಲು ಅದರಲ್ಲಿ ಒಂದು ಕಿಂಡಿಯನ್ನೂ ಬಿಟ್ಟಿಲ್ಲ. ಗೋಡೆಯ ಹಿಂದಿನ ಮಣ್ಣು ನೀರು ಕುಡಿದಷ್ಟೂ ಅದರ ಒತ್ತಡವನ್ನೆಲ್ಲ ಗೋಡೆಯೇ ಹೊರಬೇಕಾಗುತ್ತದೆ. ಮೇಲಿನ ಇಳಿಜಾರಿನಲ್ಲಿ ಹಲವು ಮರಗಳ ಬುಡ ಕೆಳಕ್ಕೆ ಬಾಗಿ, ಅಲ್ಲಿಂದ ಮತ್ತೆ ನೇರವಾಗಿ ಎದ್ದಿರುವುದನ್ನೂ ಕಂಡೆ. ಮಣ್ಣು ವರ್ಷದಿಂದ ವರ್ಷಕ್ಕೆ ಸ್ವಲ್ಪಸ್ವಲ್ಪವೇ ಜಾರುತ್ತಿರುವ ಕಡೆ ಮರಗಳು ಹೀಗೆ ಬೆಳೆಯುತ್ತವೆ. 2019ರ ಆಗಸ್ಟ್ ತಿಂಗಳಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಜಾರಿ ಮನೆ, ತೋಟ, ಗದ್ದೆಗಳು ಹೋದದ್ದನ್ನೂ, ಚಾರ್ಮಾಡಿ ಘಾಟಿಯ ಸಂಚಾರ ನಿಂತುಹೋದದ್ದನ್ನೂ ನೀನು ಮರೆತಿರಲಾರೆ. ಅಲ್ಲಿ ತಲೆಮಾರುಗಳಿಂದ ಇದ್ದವರಿಗೇ ಆ ಗತಿಯಾಯಿತು. ಇಲ್ಲಿ ಗುಡ್ಡದ ಬುಡವನ್ನು ನಾವೇ ಕಡಿದು, ಆ ಜಾಗದ ಗುರುತೂ ಇಲ್ಲದ ಪರಊರಿನವರನ್ನು ದುಡ್ಡು ಪಡೆದು ಅದರ ಕೆಳಗೆ ಮಲಗಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಭೂಕುಸಿತದ ಸಾಧ್ಯತೆಯನ್ನು ತೋರಿಸುವ ನಕ್ಷೆಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಯಾವುದೇ ಜಾಗವನ್ನು ನೋಡಲು ಹೊರಡುವ ಮುನ್ನ ನೀನು ಅದನ್ನೊಮ್ಮೆ ನೋಡು. ಆದರೆ ನಕ್ಷೆ ಆ ಪ್ರದೇಶದ ಸ್ವಭಾವವನ್ನು ಹೇಳುತ್ತದೆಯೇ ಹೊರತು, ಒಂದು ಮನೆಯ ಹಿಂದೆ ಜೆಸಿಬಿ ಏನು ಮಾಡಿದೆ ಎಂಬುದನ್ನು ಹೇಳುವುದಿಲ್ಲ.

ಅದೇ ಕಾಟೇಜಿನ ಜಾಹೀರಾತಿನಲ್ಲಿ ದೊಡ್ಡದಾಗಿ ತೋರಿಸಿರುವ, ಝರಿಯ ಮೇಲಕ್ಕೆ ಚಾಚಿಕೊಂಡ, ಮರದ ಹಲಗೆಗಳ ಕಟ್ಟೆಯ ವಿಚಾರವನ್ನೂ ಹೇಳಬೇಕು. ಪಹಣಿಯ 3ನೇ ಕಾಲಮ್ಮಿನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಸಾಗುವಳಿಗೆ ಸೇರದ ಜಾಗವನ್ನು ತೋರಿಸುವ ಎ ಖರಾಬು, ಬಿ ಖರಾಬು ಎಂಬ ಎರಡು ಸಾಲುಗಳಿರುತ್ತವೆ. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗಗಳು ಬಿ ಖರಾಬಿನಲ್ಲಿ ಬರುತ್ತವೆ; ಸರ್ವೆ ನಂಬರು ಯಾರ ಹೆಸರಿನಲ್ಲಿದ್ದರೂ ಆ ಭಾಗ ಸರ್ಕಾರದ್ದು, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಆ ಪಹಣಿಯಲ್ಲಿ ಬಿ ಖರಾಬು ಇದೆ, ಹಳ್ಳವೂ ಅಲ್ಲೇ ಇದೆ, ಕಟ್ಟೆ ನಿಂತಿರುವುದು ಹಳ್ಳದ ಮೇಲೆ. ನಾಳೆ ತೆರವಿನ ನೋಟಿಸು ಬಂದರೆ, ನೀನು ಯಾವುದನ್ನು ನೋಡಿ ಅಷ್ಟು ಬೆಲೆ ಕೊಟ್ಟೆಯೋ ಅದೇ ಮೊದಲು ಹೋಗುತ್ತದೆ. ಜೊತೆಗೆ ಆ ಕಡೆಯ ಅನೇಕ ಸರ್ವೆ ನಂಬರುಗಳು 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ನಿನ ಅಧಿಸೂಚನೆಯಲ್ಲಿ, ಅಂದರೆ ಮೀಸಲು ಅರಣ್ಯ ಮಾಡುವ ಉದ್ದೇಶವಿದೆ ಎಂದು ಸರ್ಕಾರ ಹೊರಡಿಸುವ ಪ್ರಕಟಣೆಯಲ್ಲಿ ಸೇರಿಕೊಂಡಿವೆ. ಅಂಥ ಜಮೀನು ಪಹಣಿಯಲ್ಲಿ ಖಾಸಗಿಯವರ ಹೆಸರಿನಲ್ಲೇ ಇದ್ದರೂ ಅರಣ್ಯ ಇಲಾಖೆಯ ತಕರಾರಿನಿಂದ ಹೊರತಲ್ಲ. ಅರಣ್ಯ ಇಲಾಖೆಯಿಂದ ಲಿಖಿತ ಹಿಂಬರಹ ತಂದುಕೊಡಿ ಎಂದು ಮಾರುವವರನ್ನು ಕೇಳಿದೆ. ಅವರು ಮಾತನ್ನು ಸೂರ್ಯಾಸ್ತದ ಕಡೆಗೆ ತಿರುಗಿಸಿದರು.

ವ್ಯಾಪಾರದ ದೃಷ್ಟಿಯಿಂದಲೂ ಆ ದಾರಿ ನಾವು ಅಂದುಕೊಂಡಷ್ಟು ಅನುಕೂಲದ್ದಲ್ಲ. ಮುಳ್ಳಯ್ಯನಗಿರಿಗೂ ಬಾಬಾಬುಡನ್‌ಗಿರಿಗೂ ಹೋಗುವ ವಾಹನಗಳೆಲ್ಲ ಕೈಮರದ ತನಿಖಾ ಠಾಣೆಯನ್ನು ದಾಟಬೇಕು. ವಾರಾಂತ್ಯದ ದಟ್ಟಣೆ ಮಿತಿಮೀರಿದ ಮೇಲೆ ಜಿಲ್ಲಾಡಳಿತ ಮುಂಗಡ ಆನ್‌ಲೈನ್ ನೋಂದಣಿಯನ್ನು ತಂದಿದೆ. ದತ್ತ ಜಯಂತಿಯ ದಿನಗಳಲ್ಲೂ ದೀಪಾವಳಿಯ ದೇವೀರಮ್ಮನ ಬೆಟ್ಟದ ಜಾತ್ರೆಯಲ್ಲೂ ಪ್ರವಾಸಿಗರಿಗೆ ನಿರ್ಬಂಧವಿರುತ್ತದೆ. ಭಾರೀ ಮಳೆಯ ಎಚ್ಚರಿಕೆ ಬಂದಾಗಲೂ ದಾರಿ ಮುಚ್ಚಬಹುದು. ಆ ಬೆಟ್ಟಗಳಿಗೆ ಇಂಥ ಕಡಿವಾಣ ಅಗತ್ಯವೇ ಇತ್ತು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಾಲ್ಕು ದಿನ ಸಾಲಾಗಿ ರಜೆ ಬಂದಾಗ ಬರುವ ದುಡಿಮೆಯನ್ನೇ ನೆಚ್ಚಿಕೊಂಡ ಮನೆಗೆ, ಅದೇ ದಿನಗಳಲ್ಲಿ ದಾರಿ ಕಟ್ಟುವ ಸಂಭವವಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಇನ್ನು ಸಕಲೇಶಪುರದ ಹೆತ್ತೂರಿನ ಕಡೆಯದು. ದೊಡ್ಡ ಕಾಫಿ ತೋಟವೊಂದನ್ನು ಹತ್ತು ಹನ್ನೆರಡು ಗುಂಟೆಯ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನಲ್ಲೂ ಒಂದು ಕಾಟೇಜು ಕಟ್ಟಿಕೊಟ್ಟು, ಬಾಡಿಗೆಯನ್ನು ತಾವೇ ನಡೆಸಿ ವರ್ಷಕ್ಕೆ ಇಂತಿಷ್ಟು ಖಚಿತ ಆದಾಯ ಕೊಡುತ್ತೇವೆ ಎನ್ನುವ ಯೋಜನೆ ಅದು. ಇಂಥವು ಈಗ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಹೆಚ್ಚುತ್ತಿವೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಸೆಕ್ಷನ್‌ಗಳು ರದ್ದಾದ ಮೇಲೆ ಕೊಳ್ಳುವುದೇನೋ ಸುಲಭವಾಯಿತು. ಆದರೆ ಕೊಂಡ ತುಂಡು ನಿನ್ನದೇ ಎಂದು ತೋರಿಸುವ ಕೆಲಸ ಸುಲಭವಾಗಿಲ್ಲ. ಒಂದು ಸರ್ವೆ ನಂಬರಿನ ಭಾಗವನ್ನು ಮಾರಬೇಕಾದರೆ ಭೂಮಾಪಕರು ಸ್ಥಳಕ್ಕೆ ಬಂದು ಅಳೆದು ತಯಾರಿಸಿದ 11ಇ ನಕ್ಷೆ ಇರಬೇಕು, ಆಮೇಲೆ ಪೋಡಿಯಾಗಿ, ಅಂದರೆ ದಾಖಲೆಯಲ್ಲಿ ಆ ಭಾಗ ಬೇರೆಯಾಗಿ, ನಿನ್ನ ಹೆಸರಿಗೆ ಪ್ರತ್ಯೇಕ ಪಹಣಿ ಬರಬೇಕು. ಅವರು ನಿನಗೆ ಕಳುಹಿಸಿರುವುದು ಬಣ್ಣ ತುಂಬಿದ ಒಂದು ಚಿತ್ರವನ್ನು. ಕರಾರಿನ ಒಳಪುಟದಲ್ಲಿ ಬರೆದಿರುವುದು, ಒಟ್ಟು ಜಮೀನಿನಲ್ಲಿ ನಿನಗೆ ವಿಭಾಗವಾಗದ ಪಾಲು ಎಂದು. ಹಾಗೆ ಕೊಂಡರೆ ನಿನ್ನ ಕಾಟೇಜು ನಿಂತ ಮಣ್ಣಿನಲ್ಲಿ ಉಳಿದ ಎಲ್ಲರ ಪಾಲೂ ಇರುತ್ತದೆ, ಅವರ ಜಗಳ ನಿನ್ನ ಜಗಳವೂ ಆಗುತ್ತದೆ. ಖಚಿತ ಆದಾಯದ ಮಾತಿಗೆ ಯಾವ ಬ್ಯಾಂಕಿನ ಖಾತರಿಯೂ ಇಲ್ಲ, ಮೊದಲ ಮೂರು ವರ್ಷದ ಆದಾಯವನ್ನು ಬೆಲೆಯಲ್ಲಿಯೇ ಸೇರಿಸಿ ನಿನ್ನಿಂದಲೇ ಪಡೆದು ನಿನಗೇ ಹಿಂದಿರುಗಿಸುವಂತಿದೆ ಆ ಲೆಕ್ಕ. ಅದನ್ನು ಬಿಟ್ಟುಬಿಡು.

ಅಲ್ಲಿ ಕಾಡಾನೆಗಳ ಮಾತೂ ಇದೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಆನೆಗಳು ಬಂದುಹೋಗುವುದಷ್ಟೇ ಅಲ್ಲ, ತಿಂಗಳುಗಟ್ಟಲೆ ಅಲ್ಲೇ ನೆಲೆಸುತ್ತವೆ. ಹೈಕೋರ್ಟಿನ ಆದೇಶದಂತೆ ರಚನೆಯಾಗಿದ್ದ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿಯಲ್ಲಿ ಆಲೂರು, ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಲು ಹೇಳಬೇಕಾದಷ್ಟು ಸಮಸ್ಯೆ ಬಿಗಡಾಯಿಸಿತ್ತು. ಆಲ್ದೂರಿನ ಕಡೆ ಆನೆ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಅಲ್ಲಿಗೂ ಬರುತ್ತವೆ, ಜನರ ಪ್ರಾಣವೂ ಹೋಗಿದೆ. ಆದ್ದರಿಂದ ಎಲ್ಲಿ ಕೊಂಡರೂ ಕತ್ತಲಾದ ಮೇಲೆ ಮತ್ತು ಬೆಳಕು ಹರಿಯುವ ಮೊದಲು ಅತಿಥಿಗಳು ತೋಟದೊಳಗೆ ನಡೆದುಹೋಗಕೂಡದು, ಹಲಸು ಬಾಳೆಗಳು ಮನೆಯ ಮಗ್ಗುಲಲ್ಲೇ ಹಣ್ಣಾಗಿ ನಿಂತಿರಕೂಡದು. ಅರಣ್ಯ ಇಲಾಖೆ ಆನೆಗಳ ಚಲನವಲನದ ಬಗ್ಗೆ ಕಳುಹಿಸುವ ಸಂದೇಶಗಳು ಮನೆ ನೋಡಿಕೊಳ್ಳುವವರ ಫೋನಿಗೆ ಬರುವಂತಿರಬೇಕು.

ಈಗ ಆಲ್ದೂರಿನ ಮನೆಗೆ ಬರುತ್ತೇನೆ. ನಾನು ಹೋದ ದಿನ ಬಿಟ್ಟೂಬಿಡದೆ ಮಳೆ ಸುರಿಯುತ್ತಿತ್ತು. ಬೇಕೆಂದೇ ಅಂಥ ದಿನ ಹೋದೆ. ಒಳಗೆ ಹೋಗುವ ಮೊದಲು ಜಗಲಿಯಲ್ಲಿ ನಿಂತು, ಸೂರಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಮೂರು ಕಡೆಯ ನೀರು ಕಲ್ಲು ಕಟ್ಟಿದ ಚರಂಡಿಗೆ ಬಿದ್ದು ಕೆಳಗಿನ ತೋಟದ ಕಡೆಗೆ ಹರಿದುಹೋಗುತ್ತದೆ. ಬಡಗು ಮಗ್ಗುಲಿನಲ್ಲಿ ಮಾತ್ರ ಚರಂಡಿ ಹೂತುಹೋಗಿ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತಿದೆ. ಒಳಗೆ ಹೋದರೆ ಅದೇ ಗೋಡೆಯಲ್ಲಿ ಮೊಣಕಾಲಿನ ಎತ್ತರದವರೆಗೆ ಸುಣ್ಣ ಉಬ್ಬಿ ಬೂಷ್ಟು ಹಿಡಿದಿದೆ. ಗೋಡೆಯ ಮೇಲ್ಭಾಗ ಒಣಗಿರುವುದರಿಂದ ಅದು ಮಾಡಿನ ಸೋರಿಕೆಯಲ್ಲ, ಕೆಳಗಿನಿಂದ ಏರಿದ ತೇವ. ಚರಂಡಿ ತೆರೆದರೆ ಬಹುಪಾಲು ಸರಿಹೋಗುತ್ತದೆ. ಅಟ್ಟ ಹತ್ತಿ ಟಾರ್ಚು ಬಿಟ್ಟು ನೋಡಿದೆ. ಮಂಗಳೂರು ಹೆಂಚುಗಳಲ್ಲಿ ಕೆಲವು ಒಡೆದಿವೆ, ಆ ಕೆಳಗಿನ ರೀಪುಗಳು ಕಪ್ಪಾಗಿ ಉಗುರು ಒತ್ತಿದರೆ ಒಳಕ್ಕೆ ಹೋಗುತ್ತವೆ, ಆದರೆ ತೊಲೆಗಳೂ ಪಕಾಸುಗಳೂ ಬಡಿದರೆ ಗಟ್ಟಿ ಸದ್ದು ಕೊಡುತ್ತವೆ. ಮನೆಗೆ ಹಿಂದೆ ಕಡಿದ ಗುಡ್ಡವಿಲ್ಲ, ನೆಲ ಮೆಲ್ಲಗೆ ಇಳಿಯುವ ಏರಿನ ನೆತ್ತಿಯಲ್ಲಿದೆ. ಹಿಂದಿನವರು ಜಾಗ ನೋಡಿಯೇ ಕಟ್ಟಿದ್ದಾರೆ. ರೀಪು, ಹೆಂಚು, ಚರಂಡಿ, ಎರಡು ಹೊಸ ಸ್ನಾನದ ಮನೆ, ವಿದ್ಯುತ್ ತಂತಿಗಳ ಬದಲಾವಣೆ ಎಲ್ಲವೂ ಸೇರಿ ಆರು ಲಕ್ಷ ರೂಪಾಯಿ ಹಿಡಿಯಬಹುದೆಂದು ಜೊತೆಗೆ ಬಂದಿದ್ದ ಮೇಸ್ತ್ರಿ ಅಂದಾಜು ಹೇಳಿದ್ದಾರೆ.

ನೀರಿನ ಬಗ್ಗೆ ಮಳೆಗಾಲದಲ್ಲಿ ಕೇಳಿದರೆ ಯಾರೂ ತೊಂದರೆಯಿದೆ ಎನ್ನುವುದಿಲ್ಲ. ನಮ್ಮ ಕಡೆ ನೀರಿನ ಪರೀಕ್ಷೆಯಾಗುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಹೂಮಳೆ ತಡವಾದರೆ ಬೆಳೆಗಾರರು ರೊಬಸ್ಟಾ ಗಿಡಗಳು ಹೂ ಬಿಡಲೆಂದು ಸ್ಪ್ರಿಂಕ್ಲರ್ ಹಾಕಿ ಹಳ್ಳ, ಕೆರೆಗಳ ನೀರನ್ನು ಹಗಲಿರುಳು ಎತ್ತುತ್ತಾರೆ. ಅವರಿಗೆ ಅದು ವರ್ಷದ ಫಸಲಿನ ಪ್ರಶ್ನೆ. ಕಾಫಿ ಹೂವನ್ನು ನೋಡಲೆಂದೇ ಅತಿಥಿಗಳು ಬರುವುದೂ ಆ ದಿನಗಳಲ್ಲಿ, ಒಬ್ಬೊಬ್ಬರೂ ಮನೆಯಲ್ಲಿ ಬಳಸುವುದಕ್ಕಿಂತ ಹೆಚ್ಚು ನೀರು ಬಳಸುವುದೂ ಇಂಥ ಕಡೆಗಳಲ್ಲಿ. ಹಳ್ಳದ ನೀರನ್ನು ನಂಬಿದ ಕಾಟೇಜುಗಳು ಆಗ ಟ್ಯಾಂಕರ್ ತರಿಸಬೇಕಾಗುತ್ತದೆ. ಆಲ್ದೂರಿನ ಮನೆಗೆ ತನ್ನದೇ ತೆರೆದ ಬಾವಿಯಿದೆ. ಬಾವಿಯ ಕಲ್ಲುಗಳ ಮೇಲೆ ಬೇಸಿಗೆಯ ನೀರಿನ ಗುರುತು ಈಗ ಮುಳುಗಿ ಕಾಣದಿದ್ದರೂ, ಪಕ್ಕದ ತೋಟದ ಮನೆಯ ಹೆಂಗಸು, ಏಪ್ರಿಲಿನಲ್ಲಿ ಒಳಮೆಟ್ಟಿಲುಗಳೆಲ್ಲ ಕಾಣುತ್ತವೆ, ಆದರೆ ತಳ ಕಂಡದ್ದಿಲ್ಲ ಎಂದರು. ಮಾರುವವರ ಮಾತಿಗಿಂತ ನೀರು ಸೇದುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಶೌಚಗುಂಡಿ ಈಗ ಬಾವಿಗೆ ಹತ್ತಿರದಲ್ಲಿ, ಅದಕ್ಕಿಂತ ಮೇಲಿನ ನೆಲದಲ್ಲಿದೆ. ಅತಿಥಿಗಳು ಬರತೊಡಗಿದ ಮೇಲೆ ಅದರ ಭಾರ ಹೆಚ್ಚುವುದರಿಂದ ಅದನ್ನು ಮನೆಯ ಕೆಳಮಗ್ಗುಲಿಗೆ ಬದಲಾಯಿಸುವುದನ್ನು ಮೊದಲ ಕೆಲಸವೆಂದು ಇಟ್ಟುಕೋ, ಬಾವಿಯ ನೀರನ್ನೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸು.

ಕಾಗದಪತ್ರಗಳಲ್ಲಿ ನನಗೆ ಸಮಾಧಾನ ಕೊಟ್ಟದ್ದು, ಮನೆಯಿರುವ 15 ಗುಂಟೆ ಜಾಗ ಹಿಂದೆಯೇ ವಾಸದ ಉದ್ದೇಶಕ್ಕೆ ಭೂಪರಿವರ್ತನೆಯಾಗಿ, ಪಂಚಾಯಿತಿಯಿಂದ ಇ-ಸ್ವತ್ತಿನ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಪಡೆದಿರುವುದು. ನಮ್ಮಲ್ಲಿ ಬಹಳಷ್ಟು ಕಾಟೇಜುಗಳು ಪರಿವರ್ತನೆಯಾಗದ ತೋಟದ ಜಮೀನಿನಲ್ಲಿ ತೋಟದ ಮನೆ ಎಂಬ ಹೆಸರಿನಲ್ಲಿ ನಿಂತಿವೆ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನು ತೋಟದ ಮನೆಗೆ ಕೊಟ್ಟಿರುವ ರಿಯಾಯಿತಿ ಕೃಷಿಕನು ತನ್ನ ಕೃಷಿಗಾಗಿ, ತನ್ನ ವಾಸಕ್ಕಾಗಿ ಕಟ್ಟಿಕೊಳ್ಳುವುದಕ್ಕೆ; ದಿನದ ಬಾಡಿಗೆಗೆ ಜನರನ್ನು ಇಳಿಸುವುದು ಅದರಲ್ಲಿ ಬರುವುದಿಲ್ಲ. ವಾಸದ ಉದ್ದೇಶದ ಪರಿವರ್ತನೆ ನಿನ್ನ ಬಳಕೆಗೆ ಸಾಲುವುದೇ, ವಾಣಿಜ್ಯ ಉದ್ದೇಶಕ್ಕೆ ಮತ್ತೆ ಅರ್ಜಿ ಹಾಕಬೇಕೇ ಎಂಬುದನ್ನು ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು, ಕೊಂಡ ಮೇಲೆ ಕೇಳಿದರೆ ಉತ್ತರ ಏನೇ ಬಂದರೂ ನೀನು ಒಪ್ಪಬೇಕಾಗುತ್ತದೆ.

ಆ 15 ಗುಂಟೆಯ ಜೊತೆಗೆ ಕೊಡುವ ಒಂದು ಎಕರೆ ಕಾಫಿ ತೋಟದ ಮೂಲವನ್ನು ಮಾತ್ರ ಇನ್ನೂ ಜಾಲಾಡಬೇಕಿದೆ. ಮಲೆನಾಡಿನಲ್ಲಿ ಎಷ್ಟೋ ಜಮೀನುಗಳು ಸರ್ಕಾರದ ಮಂಜೂರಾತಿಯಿಂದ ಬಂದವು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ, ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಮಾರಾಟ ಊರ್ಜಿತವಾಗುವುದಿಲ್ಲ. ನಡುವೆ ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. 2023ರ ತಿದ್ದುಪಡಿಯ ನಂತರ, ಮಾರಾಟವಾಗಿ ಬಹಳ ಕಾಲವಾಯಿತು ಎಂಬ ಸಮಜಾಯಿಷಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಆ ಕಾಯ್ದೆ ಬಡವರ ಮಣ್ಣನ್ನು ಉಳಿಸಲು ಬಂದದ್ದು, ಅದು ನ್ಯಾಯವಾದದ್ದು. ನೀನು ಕೊಳ್ಳುವ ಮಣ್ಣಿನಲ್ಲಿ ಇನ್ನೊಬ್ಬರ ಹಕ್ಕು ಉಳಿದಿರಬಾರದು ಎಂಬುದಕ್ಕಾಗಿಯೇ ಮೂಲ ನೋಡು ಎನ್ನುತ್ತಿದ್ದೇನೆ. ಬಗರ್‌ಹುಕುಂ ಸಕ್ರಮದಲ್ಲಿ, ಅಂದರೆ ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮಗೊಳಿಸಿದ್ದರಿಂದ ಬಂದದ್ದಾದರೆ ಸಾಗುವಳಿ ಚೀಟಿಯಲ್ಲಿ ಇಷ್ಟು ವರ್ಷ ಪರಭಾರೆ ಮಾಡಕೂಡದೆಂಬ ಷರತ್ತಿರುತ್ತದೆ, ಅದನ್ನು ಓದಬೇಕು. ಪಹಣಿಯ 11ನೇ ಕಾಲಮ್ಮಿನಲ್ಲಿ ಸಹಕಾರ ಸಂಘದ ಸಾಲವೊಂದು ಇನ್ನೂ ಕಾಣುತ್ತಿದೆ, ತೀರಿದೆ ಎನ್ನುತ್ತಾರೆ, ತೀರಿದ್ದರೆ ಋಣಮುಕ್ತ ಪತ್ರ ಕೊಟ್ಟು ಕಾಲಮ್ಮಿನಿಂದ ತೆಗೆಸಲಿ.

ಇನ್ನೊಂದು ಮಾತನ್ನು ನಾನು ಹೆಣ್ಣಾಗಿಯೂ ಹೇಳುತ್ತಿದ್ದೇನೆ. ಮಾರುವವರು ಇಬ್ಬರು ಅಣ್ಣತಮ್ಮಂದಿರು. ಅವರಿಗೆ ಅಕ್ಕತಂಗಿಯರೂ ಇದ್ದಾರೆ ಎಂದು ವಂಶವೃಕ್ಷದಿಂದ ಗೊತ್ತಾಯಿತು. ಆಸ್ತಿ ಪಿತ್ರಾರ್ಜಿತವಾದದ್ದು. ನಮ್ಮ ರಾಜ್ಯದಲ್ಲಿ 1994ರಿಂದಲೂ ದೇಶಕ್ಕೆಲ್ಲ 2005ರಿಂದಲೂ ಹೆಣ್ಣುಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದ ಹಕ್ಕು ಬಂದಿದೆ. ಅವರು ಮದುವೆಯಾಗಿ ಹೋಗಿದ್ದಾರೆ, ಏನೂ ಕೇಳುವುದಿಲ್ಲ ಎಂದು ದಲ್ಲಾಳಿ ಹೇಳಿದರು. ಅವರ ಪಾಲಿನ ಹಣ ಅವರ ಕೈಗೆ ಸೇರಿ, ಅವರೂ ಉಪನೋಂದಣಾಧಿಕಾರಿಯ ಮುಂದೆ ಕುಳಿತು ಸಹಿ ಹಾಕಿದರೆ ಮಾತ್ರ ನಾವು ಕೊಳ್ಳುತ್ತೇವೆ ಎಂದು ನಾನು ಸ್ಪಷ್ಟವಾಗಿ ತಿಳಿಸಿದ್ದೇನೆ. ಮುಂದೆ ವ್ಯಾಜ್ಯ ಬರಬಾರದೆಂಬುದು ಒಂದು ಕಾರಣ. ಅದಿಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಆದಾಯದ ವಿಷಯದಲ್ಲಿ ನೀನು ಮಾಡಿರುವ ಲೆಕ್ಕ ವರ್ಷದ ಮುನ್ನೂರು ದಿನಗಳೂ ಮನೆ ತುಂಬಿರುತ್ತದೆ ಎಂಬಂತಿದೆ. ನಮ್ಮ ಕಡೆ ಬೇಡಿಕೆ ಇರುವುದು ಶುಕ್ರವಾರ, ಶನಿವಾರದ ರಾತ್ರಿಗಳಿಗೆ. ವರ್ಷಕ್ಕೆ ಅಂಥ 104 ರಾತ್ರಿಗಳಲ್ಲಿ ಎಪ್ಪತ್ತು ತುಂಬಿದವು, ರಾತ್ರಿಗೆ 5,000 ರೂಪಾಯಿ ಬಂತು ಎಂದಿಟ್ಟುಕೊಂಡರೆ ಮೂರೂವರೆ ಲಕ್ಷ. ಉಳಿದ ದಿನಗಳಲ್ಲಿ ಮೂವತ್ತು ರಾತ್ರಿ 3,500ರಂತೆ ಹೋದರೆ ಇನ್ನೊಂದು ಲಕ್ಷದ ಐದು ಸಾವಿರ. ಒಟ್ಟು 4,55,000. ಬುಕಿಂಗ್ ಜಾಲತಾಣಗಳ ಪಾಲು ನೂರಕ್ಕೆ ಹದಿನೈದರಂತೆ ಕಳೆದರೆ 3,86,750 ಉಳಿಯಿತು. ನೋಡಿಕೊಳ್ಳುವವರಿಗೆ ತಿಂಗಳಿಗೆ 15,000ಕ್ಕಿಂತ ಕಡಿಮೆ ಕೊಡುವುದು ನ್ಯಾಯವಲ್ಲ, ಅದು 1,80,000. ವಿದ್ಯುತ್ತು, ಗ್ಯಾಸು, ಹಾಸಿಗೆ ಬಟ್ಟೆಗಳ ಒಗೆತ, ಇಂಟರ್ನೆಟ್ಟಿಗೆ ಅರವತ್ತು ಸಾವಿರ. ಮಳೆಗಾಲದ ಮುಂಚಿನ ಹೆಂಚು, ಸುಣ್ಣಬಣ್ಣದ ಕೆಲಸಕ್ಕೆ ಐವತ್ತು ಸಾವಿರ. ಕೊನೆಗೆ ನಿನ್ನ ಕೈಗೆ ಬರುವುದು ಒಂದು ಲಕ್ಷಕ್ಕೂ ಸ್ವಲ್ಪ ಕಡಿಮೆ. ಮನೆಗೆ ಅವರು ಕೇಳುತ್ತಿರುವುದು 55 ಲಕ್ಷ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ ಎರಡಾಗಿರುವ ನೋಂದಣಿ ಶುಲ್ಕ ಎಲ್ಲ ಸೇರಿ ನಾಲ್ಕು ಲಕ್ಷಕ್ಕೂ ಮೇಲಾಗುತ್ತದೆ. ರಿಪೇರಿಯ ಆರು ಲಕ್ಷ ಬೇರೆ. 65 ಲಕ್ಷ ಹಾಕಿ ವರ್ಷಕ್ಕೆ ಒಂದು ಲಕ್ಷ ಎಂಬುದು ನೂರಕ್ಕೆ ಒಂದೂವರೆಯಾಯಿತು. ನೀನು ಹೇಳಿದಂತೆ 40 ಲಕ್ಷ ಸಾಲ ಮಾಡಿದರೆ, ನೂರಕ್ಕೆ ಒಂಬತ್ತರ ಬಡ್ಡಿಯೇ ಮೊದಲ ವರ್ಷ 3,60,000 ಆಗುತ್ತದೆ. ಬಾಡಿಗೆ ಅದರ ಮೂರನೆಯ ಒಂದು ಭಾಗವನ್ನೂ ತೀರಿಸುವುದಿಲ್ಲ.

ಆದ್ದರಿಂದ ಸಾಲ ಮಾಡಿ ಕೊಳ್ಳಬೇಡ. ನಿನ್ನ ಉಳಿತಾಯವೂ, ಹಾಸನದ ನಿವೇಶನವನ್ನು ಮಾರಿದ ಹಣವೂ ಸೇರಿ ಎಷ್ಟಾಗುತ್ತದೆಯೋ ಅಷ್ಟರೊಳಗೆ ಬೆಲೆ ಇಳಿದರೆ ಕೊಳ್ಳೋಣ. ತನ್ನ ಖರ್ಚನ್ನು ತಾನೇ ದುಡಿದುಕೊಂಡು, ಸುಸ್ಥಿತಿಯಲ್ಲಿ ನಿನ್ನ ಹೆಸರಿನಲ್ಲಿ ಉಳಿಯುವ ಮನೆಯೆಂದು ತಿಳಿದು ಕೊಂಡರೆ ಇದು ಒಳ್ಳೆಯ ಆಸ್ತಿ. ಸಂಬಳದ ಬದಲಿಗೆ ಇದನ್ನು ನೆಚ್ಚಿಕೊಳ್ಳುವ ಯೋಚನೆಯಿದ್ದರೆ ಬೇಡ. ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ಆಲ್ದೂರು ಶೃಂಗೇರಿಗೆ ಹೋಗುವ ದಾರಿಯಲ್ಲಿದೆ. ಬೆಟ್ಟ ನೋಡಲು ಬರುವ ಹುಡುಗರನ್ನಷ್ಟೇ ನೆಚ್ಚದೆ, ವಯಸ್ಸಾದ ತಂದೆತಾಯಿಯರೊಂದಿಗೆ ದೇವಸ್ಥಾನಗಳಿಗೆ ಹೊರಟ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಮನೆ ಸಿದ್ಧಪಡಿಸಿದರೆ ವಾರದ ನಡುವೆಯೂ ನಾಲ್ಕು ಜನ ಬಂದಾರು. ಅವರಿಗೆ ಬೇಕಾದದ್ದು ಹಿಡಿಕೆಯಿರುವ ಸ್ನಾನದ ಮನೆ, ಮೆಟ್ಟಿಲಿಲ್ಲದ ಬಾಗಿಲು, ಬೆಳಿಗ್ಗೆ ಬಿಸಿಬಿಸಿ ಅಕ್ಕಿರೊಟ್ಟಿ.

ಆ ರೊಟ್ಟಿ ತಟ್ಟುವವರು ಯಾರು ಎಂಬುದನ್ನು ಈಗಲೇ ತೀರ್ಮಾನಿಸಬೇಕು. ನಾನು ಅಲ್ಲಿಗೆ ಹೋಗಿ ಇರುತ್ತೇನೆ ಎಂದು ನೀನು ಲೆಕ್ಕ ಹಾಕಿರುವುದು ನಿನ್ನ ಮಾತಿನಿಂದ ತಿಳಿಯಿತು. ಮಳೆಗಾಲದಲ್ಲಿ ಆಸ್ಪತ್ರೆಯಿಂದ ದೂರ ಒಂಟಿಯಾಗಿರಲು ನನ್ನ ಮಂಡಿಯೂ ಒಪ್ಪುವುದಿಲ್ಲ, ಮನಸ್ಸೂ ಒಪ್ಪುವುದಿಲ್ಲ. ಇದರಿಂದ ಕಾನೂನಿನ ಪ್ರಶ್ನೆಯೂ ಏಳುತ್ತದೆ. ಹೋಂಸ್ಟೇ ಎಂದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕಾದರೆ ಮನೆಯ ಒಡೆಯರೋ ಅವರ ಕುಟುಂಬದವರೋ ಅಲ್ಲಿ ವಾಸವಿರಬೇಕು. ಯಾರೂ ಇಲ್ಲದ ಮನೆಗೆ ಹೋಂಸ್ಟೇ ಎಂಬ ಫಲಕ ಹಾಕುವುದು ಸರಿಯಲ್ಲ. ನಮ್ಮ ಮನೆ ಯಾವ ವರ್ಗದಲ್ಲಿ ಬರುತ್ತದೆ, ಪಂಚಾಯಿತಿಯ ಪರವಾನಗಿ ಏನು ಬೇಕು, ಪೊಲೀಸರ ನಿರಾಕ್ಷೇಪಣಾ ಪತ್ರ ಹೇಗೆ ಎಂಬುದನ್ನೆಲ್ಲ ಇಲ್ಲಿನ ಕಚೇರಿಯಲ್ಲಿ ನಾನೇ ವಿಚಾರಿಸುತ್ತೇನೆ. ಮನೆ ನೋಡಿಕೊಳ್ಳಲು ಪಕ್ಕದ ತೋಟದ ಆ ಹೆಂಗಸೂ ಅವರ ಗಂಡನೂ ಒಪ್ಪುವಂತಿದ್ದಾರೆ. ಅವರ ಮನೆಯಿಂದ ಕೂಗಿದರೆ ಇಲ್ಲಿಗೆ ಕೇಳಿಸುತ್ತದೆ, ಅವರಿಗೆ ಆ ಬಾವಿ, ಆ ಮಾಡು, ಆ ದಾರಿ ಎಲ್ಲವೂ ಗೊತ್ತು. ಈ ಮನೆಯ ಬೆಲೆಯಲ್ಲಿ ಅರ್ಧದಷ್ಟು ಆ ನೆರೆಯಿಂದಲೇ ಬಂದದ್ದೆಂದು ನಾನು ಭಾವಿಸುತ್ತೇನೆ. ಸಂಬಳವನ್ನು ತಿಂಗಳು ತಿಂಗಳಿಗೆ ಬ್ಯಾಂಕಿಗೆ ಹಾಕು, ಅತಿಥಿಗಳಿಲ್ಲದ ತಿಂಗಳಿನಲ್ಲೂ ನಿಲ್ಲಿಸಬೇಡ, ಕಾಫಿ ಕೊಯ್ಲಿನ ದಿನಗಳಲ್ಲಿ ಅವರಿಗೆ ಅವರ ಕೆಲಸವೇ ಮುಖ್ಯ ಎಂಬುದನ್ನು ಒಪ್ಪಿಕೋ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿಯ ತಾಪತ್ರಯ ನಿನಗೆ ಬರುವ ಸಂಭವ ಕಡಿಮೆ, ಜಾಲತಾಣದ ಮೂಲಕ ಬಂದ ಬುಕಿಂಗಿನ ತೆರಿಗೆಯನ್ನು ಅವರೇ ಕಟ್ಟುತ್ತಾರೆ. ಆದಾಯ ತೆರಿಗೆಗೆ ಲೆಕ್ಕಪರಿಶೋಧಕರನ್ನು ಕೇಳು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ವಿಮೆ ಮಾಡಿಸುವಾಗ ಇದು ಬಾಡಿಗೆಗೆ ಕೊಡುವ ಮನೆಯೆಂದು ಬರೆಸು, ವಾಸದ ಮನೆಯೆಂದು ಬರೆಸಿದರೆ ಬೇಕಾದ ಹೊತ್ತಿನಲ್ಲಿ ಹಣ ಬಾರದೆ ಹೋಗಬಹುದು. ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇಡುವುದಕ್ಕೆ ನಾನು ಖಂಡಿತ ಒಪ್ಪುವುದಿಲ್ಲ. ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಎಷ್ಟೋ ಜೀವಗಳು ಹಾಗೆ ಹೋಗಿವೆ. ಹಿತ್ತಲಿನ ಸೌದೆ ಹಂಡೆಯಿಂದಲೋ ಸೋಲಾರಿನಿಂದಲೋ ಕೊಳವೆಯಲ್ಲಿ ನೀರು ತರಿಸೋಣ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕಾನೂನಿಗೂ ವಿರುದ್ಧ, ಬೆಳಗಿನ ಜಾವ ಏಳುವ ನೆರೆಯವರಿಗೂ ಹಿಂಸೆ. ಅದನ್ನು ಬುಕಿಂಗಿನ ಷರತ್ತಿನಲ್ಲಿಯೇ ಬರೆದುಬಿಡು.

ಈಗ ನಡೆಯಬೇಕಾದದ್ದು ಇಷ್ಟು. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಕೊಡಲು ಮಾರುವವರು ಒಪ್ಪಿದ್ದಾರೆ, ಭೂಮಾಪಕರು ಬರುವ ದಿನ ನಾನು ಅಲ್ಲಿರುತ್ತೇನೆ. ನೀನು ವಕೀಲರಿಂದ ಮೂವತ್ತು ವರ್ಷದ ಋಣಭಾರ ಪತ್ರವನ್ನೂ, ಹಕ್ಕು ಬದಲಾವಣೆಯ ಮ್ಯುಟೇಶನ್‌ಗಳನ್ನೂ, ಆ ಒಂದು ಎಕರೆಯ ಮಂಜೂರಾತಿಯ ಮೂಲ ಕಡತದ ದೃಢೀಕೃತ ನಕಲನ್ನೂ ತರಿಸಿ ಓದಿಸು. ಅವರು ಬರವಣಿಗೆಯಲ್ಲಿ ಅಭಿಪ್ರಾಯ ಕೊಡುವವರೆಗೆ ದಲ್ಲಾಳಿ ಎಷ್ಟೇ ಅವಸರ ಮಾಡಿದರೂ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡ. ಮಾತುಕತೆಯನ್ನು 48 ಲಕ್ಷದಿಂದ ಆರಂಭಿಸಿದ್ದೇನೆ. ಹೂತ ಚರಂಡಿಯನ್ನೂ ಶೌಚಗುಂಡಿಯನ್ನೂ ತೋರಿಸಿದ ಮೇಲೆ ಹಿರಿಯ ಅಣ್ಣ ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಮುಂದಿನ ಶನಿವಾರ ನೀನು ಬಂದರೆ ಅಕ್ಕತಂಗಿಯರನ್ನೂ ಕಂಡು ಮಾತನಾಡಿ ಬರೋಣ. ಮಳೆ ಜೋರಾಗಿದೆ, ಹಗಲು ಹೊತ್ತಿನ ಬಸ್ಸಿಗೇ ಹೊರಡು.

ಇಂತಿ ನಿನ್ನ ಪ್ರೀತಿಯ
ಅಮ್ಮ